ತಂತಿ ಹಚ್ಚದ ಹನ್ನೆರಡನೆಯ ಕಂಟ್ರೋಲ್

ನಾನು ಕೆಲಸ ಮಾಡುತ್ತಿದ್ದ ಶೆಡ್ಡಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಸಾಕು, ದೆವ್ವದ ಮಾತು ಶುರುವಾಗುತ್ತಿತ್ತು. ನಾಸಿಕದ ಕಾರ್ಖಾನೆಗಳ ಸಾಲಿನ ಹಿಂದೆ ತಗಡು ಹೊದಿಸಿದ ಶೆಡ್ಡು ಅದು. ಹದಿನಾಲ್ಕು ಜನ ಹೆಂಗಸರು ಉದ್ದನೆಯ ಮೇಜಿನ ಮುಂದೆ ಸಾಲಾಗಿ ಕೂತು ಸ್ಟೀರಿಯೋ ಸೆಟ್ಟುಗಳಿಗೆ ಬೆಸುಗೆ ಹಾಕುತ್ತಿದ್ದೆವು. ಸ್ವಿಚ್ಚು ಆರಿಸಿದ ಸೆಟ್ಟು ತಾನಾಗಿ ಹಾಡಿತು ಎಂದು ಒಬ್ಬಳು ಹೇಳುತ್ತಿದ್ದಳು. ಸತ್ತ ಅತ್ತೆ ಬಂದು ಫ್ಯಾನು ತಿರುಗಿಸುತ್ತಾಳೆ ಎಂದು ಇನ್ನೊಬ್ಬಳು. ನಾನು ರೊಟ್ಟಿ ಮುರಿಯುತ್ತ ಒಂದೇ ಮಾತು ಹೇಳುತ್ತಿದ್ದೆ: “ಅರ್ಥಿಂಗ್ ನಾಹೀ, ಬಾಯೀ. ದುಸರಂ ಕಾಹೀ ನಾಹೀ.” ಅರ್ಥಿಂಗ್ ಇಲ್ಲ ತಾಯಿ, ಬೇರೇನೂ ಇಲ್ಲ. ಜಗತ್ತಿನಲ್ಲಿ ವಿಚಿತ್ರ ಅನ್ನುವುದೆಲ್ಲ ಒಂದೋ ಅರ್ಥಿಂಗ್ ಇಲ್ಲದ್ದು, ಇಲ್ಲವೇ ಎಲ್ಲೋ ಬೆಸುಗೆ ಬಿಟ್ಟದ್ದು ಎಂದು ನಾನು ನಂಬಿದ್ದೆ. ಹಾಗೆ ಹದಿಮೂರು ಜನರ ಬಾಯಿ ಮುಚ್ಚಿಸಿದವಳೇ ಇವತ್ತು ಇದನ್ನು ಬರೆಯಲು ಕೂತಿದ್ದೇನೆ. ಅವರಲ್ಲಿ ಯಾರಿಗಾದರೂ ಕನ್ನಡ ಓದಲು ಬರುತ್ತಿದ್ದರೆ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ನಾನು ಓದಿದವಳಲ್ಲ. ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿ, ಮದುವೆಯಾಗಿ, ಕೇಂದ್ರ ಸರಕಾರದ ಕಚೇರಿಯಲ್ಲಿ ಜವಾನರಾಗಿದ್ದ ಗಂಡನ ವರ್ಗಾವಣೆಯ ಹಿಂದೆ ನಾಸಿಕಕ್ಕೆ ಬಂದವಳು. ಬರವಣಿಗೆ ಹಿಂದೆ ಮುಂದೆ ಆದರೆ ಓದುವವರು ಸುಧಾರಿಸಿಕೊಳ್ಳಬೇಕು. ಇನ್ನೊಂದು ಮಾತನ್ನು ಕೊನೆಯವರೆಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನ್ನಿಂದ ಆಗದು, ಈಗಲೇ ಹೇಳಿಬಿಡುತ್ತೇನೆ. ನನ್ನ ಮೊಮ್ಮಗಳು ರೇವಾ ಮಾತಾಡುತ್ತಾಳೆ! ಮರಾಠಿ, ಹಿಂದಿ, ನಮ್ಮ ಕನ್ನಡ ಎಲ್ಲ ಕಲಸಿ, ಉಸಿರು ತೆಗೆದುಕೊಳ್ಳದೆ ಮಾತಾಡುತ್ತಾಳೆ. ಮೊನ್ನೆ ಬಸ್ಸಿನಲ್ಲಿ ಕಂಡಕ್ಟರನ ಜೊತೆ ಜಗಳಕ್ಕೆ ಬಿದ್ದಳಂತೆ, ನನಗೆ ಅರ್ಧ ಟಿಕೀಟು ಯಾಕೆ ಕೊಟ್ಟಿ, ನಾನು ಪೂರ್ತಿ ಇದ್ದೇನಲ್ಲ ಎಂದು. ಇದನ್ನು ನಾನು ಹಾಲಿನವನಿಗೂ ಹೇಳಿದ್ದೇನೆ, ಗಿರಣಿಯವನಿಗೂ ಹೇಳಿದ್ದೇನೆ. ಈಗ ನಿಮಗೂ ಹೇಳಿದೆ. ಇಷ್ಟೊಂದು ಹಿಗ್ಗು ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಶೆಡ್ಡಿನಲ್ಲಿ ನನ್ನ ಮುಖ್ಯ ಕೆಲಸ ವಾಲ್ಯೂಮ್ ಕಂಟ್ರೋಲ್ ಪರೀಕ್ಷಿಸುವುದು. ಓದಿದವರು ಅದಕ್ಕೆ ಪೊಟೆನ್ಶಿಯೋಮೀಟರ್ ಎನ್ನುತ್ತಾರೆ, ನಮ್ಮ ಸಾಲಿನಲ್ಲಿ ಬರೇ ಕಂಟ್ರೋಲ್. ರೇಡಿಯೋದ ದನಿ ಏರಿಸಲು ಇಳಿಸಲು ಗುಂಡಿ ತಿರುಗಿಸುತ್ತೀರಲ್ಲ, ಆ ಗುಂಡಿಯ ಹಿಂದೆ ಒಳಗಡೆ ಇರುವ ವಸ್ತು ಇದು. ಅದರ ಹೊಟ್ಟೆಯಲ್ಲಿ ಕುದುರೆಯ ಲಾಳದ ಆಕಾರದ ಒಂದು ಕರಿಯ ಪಟ್ಟಿ, ಪಟ್ಟಿಯ ಮೇಲೆ ಜಾರುವ ತಗಡಿನ ಸಣ್ಣ ನಾಲಿಗೆ, ಇಷ್ಟೇ. ಹೊಸದನ್ನು ತಿರುಗಿಸಿದರೆ ಗಟ್ಟಿ ತುಪ್ಪದಲ್ಲಿ ಚಮಚ ಆಡಿಸಿದಂತೆ ಬೆರಳಿಗೆ ತಿಳಿಯುತ್ತದೆ. ರಿಪೇರಿಗೆಂದು ವಾಪಸು ಬಂದ ಸೆಟ್ಟುಗಳ ಕಂಟ್ರೋಲ್ ಹಾಗಲ್ಲ, ಸಡಿಲವಾಗಿರುತ್ತಿತ್ತು. ಬಿಚ್ಚಿ ನೋಡಿದರೆ ಕರಿಯ ಪಟ್ಟಿ ಒಂದೇ ಜಾಗದಲ್ಲಿ ಸವೆದು ಬಿಳಿಚಿಕೊಂಡಿರುತ್ತಿತ್ತು. ಆ ಮನೆಯವರು ದಿನವೂ ಎಷ್ಟು ದನಿಯಲ್ಲಿ ಹಾಡು ಕೇಳುತ್ತಿದ್ದರೋ ಸವೆತ ಅದೇ ಜಾಗದಲ್ಲಿ. ಇದು ಕಿವುಡು ಮುದುಕನ ಮನೆ, ಇದು ಪರೀಕ್ಷೆಗೆ ಓದುವ ಮಕ್ಕಳಿರುವ ಮನೆ ಎಂದು ನಾನು ಮುಖ ನೋಡದೆ ಹೇಳುತ್ತಿದ್ದೆ. ಇಪ್ಪತ್ತೆರಡು ವರ್ಷ ಅದನ್ನೇ ತಿರುಗಿಸಿದವಳಿಗೆ ಅಷ್ಟಾದರೂ ಬಾರದೇ ಇರುತ್ತದೆಯೇ?

ಕಾಲ ಬದಲಾಗಿ ಅಂಥ ಸೆಟ್ಟು ಕೊಳ್ಳುವವರೇ ಇಲ್ಲವಾದರು, ಶೆಡ್ಡು ಮುಚ್ಚಿತು. ಗುಜರಿ ಕೊಳ್ಳುವ ಕಬಾಡಿಯವನು ಬಂದು, ಪ್ಯಾಕೆಟ್ಟು ಸಹ ಒಡೆಯದ ಹೊಸ ಕಂಟ್ರೋಲುಗಳನ್ನು ಸಲಿಕೆಯಿಂದ ಬಾಚತೊಡಗಿದ. ಶೆಡ್ಡಿನ ಮಾಲೀಕ ಶೇಟ್ ಅವರನ್ನು ಕೇಳಿ ಎರಡು ಗೋಣಿಚೀಲ ತುಂಬಿಸಿಕೊಂಡು ಬಂದೆ. ಲಾಸಲಗಾಂವ್ ಉಳ್ಳಾಗಡ್ಡಿಯ ವಾಸನೆ ಇನ್ನೂ ಆ ಚೀಲಗಳಿಗಿತ್ತು. ಆಮೇಲೆ ಅವುಗಳಿಗೆ ಉಪಯೋಗ ಹುಡುಕುವುದೇ ನನ್ನ ಕೆಲಸವಾಯಿತು. ಅಡಿಗೆಮನೆಯ ಡ್ರಾಯರುಗಳಿಗೆಲ್ಲ ಕಂಟ್ರೋಲಿನ ಹಿಡಿಕೆ. ಬಣ್ಣದ ಪಟ್ಟೆಗಳಿದ್ದ ರೆಸಿಸ್ಟರ್ ಪೋಣಿಸಿ ಗಣಪತಿಗೆ ಹಾರ. ದೇವರ ಮುಂದಿನ ಪುಟ್ಟ ಬಲ್ಬನ್ನು ಆರತಿಗೆ ಏರಿಸಿ ಮಲಗುವಾಗ ಇಳಿಸಲು ಒಂದು ಗುಂಡಿ. ಕುಕ್ಕರಿನ ಹಿಡಿಕೆ ಸಡಿಲಾದರೆ ಕಂಟ್ರೋಲಿನ ನಟ್ಟು.

ನಮ್ಮ ಯಜಮಾನರು ಮಂಚದ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. “ನನಗೂ ಒಂದು ಹಚ್ಚಿಬಿಡು,” ಅಂದರು ಒಮ್ಮೆ. “ಬಾಯಿ ಸಣ್ಣದ ಮಾಡಾಕ ನಿನಗ ಅನುಕೂಲ ಆಕ್ಕೈತಿ.”

“ಹಚ್ಚತಿದ್ನಿರಿ,” ಅಂದೆ. “ಆದ್ರ ನಿಮ್ಮದು ತಿರಗೂದಿಲ್ಲ. ಜಂಗ ಹಿಡದೈತಿ.”

ಇನ್ನು ರೇವಾಳ ವಿಷಯ. ನನ್ನ ಮಗಳು ಸವಿತಾಳನ್ನು ಛತ್ರಪತಿ ಸಂಭಾಜಿನಗರಕ್ಕೆ ಕೊಟ್ಟಿದ್ದೇವೆ. ನಮ್ಮ ವಯಸ್ಸಿನವರ ಬಾಯಲ್ಲಿ ಅದು ಇನ್ನೂ ಔರಂಗಾಬಾದೇ. ಅಳಿಯ ಅಲ್ಲಿ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾನೆ. ಅವರಿಗೆ ಹುಟ್ಟಿದ ಮೊದಲ ಕೂಸು ರೇವಾ. ದೀಪಾವಳಿಯ ಪಟಾಕಿ ತೊಟ್ಟಿಲ ಪಕ್ಕ ಸಿಡಿದಂತೆ ಸಿಡಿದರೂ ಕೂಸು ಕಣ್ಣು ಪಿಳುಕಿಸಲಿಲ್ಲ. ಎಂಥ ಧೈರ್ಯದ ಹುಡುಗಿ ಎಂದು ನಾವು ಎಲ್ಲರೂ ಹಿಗ್ಗಿದೆವು. ನೋಡಿ ನಮ್ಮ ತಿಳಿವಳಿಕೆ! ಒಂದೂವರೆ ವರ್ಷವಾದ ಮೇಲೆ ತಿಳಿಯಿತು, ಅವಳಿಗೆ ಕೇಳಿಸುವುದೇ ಇಲ್ಲ ಎಂದು.

ತ್ರ್ಯಂಬಕೇಶ್ವರಕ್ಕೆ ಹೋಗಿ ಶಾಂತಿ ಮಾಡಿಸಿರಿ ಎಂದು ನನ್ನ ನಾದಿನಿ ಊರಿನಿಂದ ಫೋನು ಮಾಡಿದಳು. “ಕೂಸಿನ ಕಿವ್ಯಾಗ ವೈರಿಂಗ ತೊಂದ್ರಿ ಐತಿ,” ಅಂದೆ. “ದೇವರಿಗ್ಯಾಕ ತ್ರಾಸ ಕೊಡ್ತಿ?” ಅಳಿಯ ಮಗಳು ಓಡಾಡಿ ಆಪರೇಶನ್ ಮಾಡಿಸಿದರು. ತಲೆಯ ಎಲುಬಿನೊಳಗೆ ಒಂದು ಸಣ್ಣ ಯಂತ್ರ ಕೂಡಿಸಿದರು. ಹೊರಗೆ ಕಿವಿಯ ಹಿಂದೆ ಸಿಕ್ಕಿಸುವ ಒಂದು ತುಂಡು, ಅದರ ವೈರಿನ ತುದಿಗೆ ನಾಣ್ಯದಂಥ ಬಿಲ್ಲೆ. ಬಿಲ್ಲೆಯನ್ನು ತಲೆಯ ಹತ್ತಿರ ಒಯ್ದರೆ ಅಯಸ್ಕಾಂತದಂತೆ ಟಕ್ಕನೆ ಕಚ್ಚಿಕೊಳ್ಳುತ್ತದೆ, ಕೂಸಿಗೆ ಕೇಳುತ್ತದೆ. ಅಷ್ಟೇ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ರೇವಾ ಅದನ್ನು ಇಟ್ಟುಕೊಳ್ಳಲೇ ಒಲ್ಲಳು. ಹಾಕಿದ ಕೂಡಲೇ ಮುಖ ಕಿವುಚಿ, ಕಿತ್ತು ಎಸೆದು, ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ಒಮ್ಮೆ ಕೊತ್ತಂಬರಿ ಬೀಜದ ಡಬ್ಬಿಯಲ್ಲಿ ಹುಗಿದಿಟ್ಟಿದ್ದಳು. ಮಾತು ಕಲಿಸುವ ಮೇಡಮ್ಮು ಸವಿತಾಳಿಗೆ ಬಿಡಿಸಿ ಹೇಳಿದರು: ಮಾತು ಕೂಡುವ ವಯಸ್ಸು ಇದೇ, ಎದ್ದಿರುವಷ್ಟು ಹೊತ್ತೂ ಇದು ತಲೆಯ ಮೇಲೆ ಇರಬೇಕು, ಈ ಒಂದೆರಡು ವರ್ಷ ಕೈತಪ್ಪಿದರೆ ಆಮೇಲೆ ಬಹಳ ಕಷ್ಟ. ಕೂಸಿಗೆ ಮೂರೂವರೆ ಆಗುತ್ತ ಬಂದಿತ್ತು. ಸವಿತಾ ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟಳು. “ಹೂಂ ಅವ್ವಾ, ಇಡ್ತೀನಿ” ಇಷ್ಟೇ.

ಗುಂಡಿಗಳನ್ನು ಕೂಡಿಸಿದ ಆಟದ ಹಲಗೆಯ ವಿಚಾರ ನನಗೆ ಹೊಳೆದದ್ದು ಆಗ. ಅವರು ನಾಸಿಕಕ್ಕೆ ಬಂದಾಗಲೆಲ್ಲ ರೇವಾ ನನ್ನ ಡ್ರಾಯರಿನ ಹಿಡಿಕೆಗಳನ್ನು ತಿರುಗಿಸುತ್ತ ಕೂಡುತ್ತಿದ್ದಳು. ದನಿ ತನ್ನ ಮೈಮೇಲೆ ಬಂದು ಬೀಳುತ್ತದೆ ಎಂದು ತಾನೇ ಆ ಜೀವಕ್ಕೆ ಹೆದರಿಕೆ? ದನಿಯ ಗುಂಡಿ ಅವಳ ಕೈಯಲ್ಲೇ ಇದ್ದರೆ? ಬೇಕಾದಷ್ಟು ಏರಿಸು ಮಗಳೇ, ಬೇಡವಾದರೆ ಇಳಿಸು. ಗೋಣಿಚೀಲದ ಸಾಮಾನಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಉಂಟೇ ಎಂದು ನಾನು ಕುಣಿದಾಡಿಬಿಟ್ಟೆ.

ಹಲಗೆಗೆ ಮನೆಯಲ್ಲಿ ಇದ್ದದ್ದು ಸಾಗುವಾನಿಯ ಒಂದು ಮಣೆ. ನಮ್ಮ ಮನೆಯ ಕೂಸುಗಳ ಕಿವಿ ಚುಚ್ಚುವಾಗ ಸೋದರಮಾವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂಡುವುದು ಅದೇ ಮಣೆಯ ಮೇಲೆ. ಅತ್ತೆಯ ಕಾಲದಿಂದ ಬಂದದ್ದು. ನನ್ನ ಮಕ್ಕಳದ್ದೂ ಅಲ್ಲೇ ಆಯಿತು, ರೇವಾಳದ್ದೂ ಅಲ್ಲೇ. ಬಡಗಿಯ ಹತ್ತಿರ ಒಯ್ದು, ಹಿಂಬದಿಯಿಂದ ಕೊರೆಸಿ ತೆಳ್ಳಗೆ ಮಾಡಿಸಿ, ಹನ್ನೆರಡು ತೂತು ಹಾಕಿಸಿಕೊಂಡು ಬಂದೆ. ಯಜಮಾನರು ನೋಡಿ ಮಂಚದಿಂದ ಎದ್ದೇಬಿಟ್ಟರು.

“ಕಿವಿ ಚುಚ್ಚೂ ಮಣಿಗೆ ತೂತ ಹೊಡಿಸೀ? ಅದಕ್ಕ ಮೊಳಿ ಸುದ್ದಾ ಬಡೀಬಾರ್ದು ಅಂತ ನಮ್ಮವ್ವ ಹೇಳ್ತಿದ್ಲು.”

“ಯಾಕ ಬಡೀಬಾರ್ದು ಅಂತ ಹೇಳಿದ್ಲೇನ್ರಿ?”

“ಅದನ್ನ ಹೇಳಿಲ್ಲ.”

“ಹಂಗಾರ ಬಿಡ್ರಿ.”

ಈಗ ಅನ್ನಿಸುತ್ತದೆ, ಕೇಳಿ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು.

ಹನ್ನೊಂದು ಕಂಟ್ರೋಲುಗಳಿಗೆ ನಾನೇ ಬೆಸುಗೆ ಹಾಕಿದೆ. ಕೆಲವಕ್ಕೆ ಬಣ್ಣದ ಬಲ್ಬು, ಒಂದಕ್ಕೆ ಪುಟ್ಟ ಫ್ಯಾನು, ಉಳಿದವಕ್ಕೆ ಗುಂಯ್‌ಗುಡುವ ಸಣ್ಣ ಬಜರುಗಳು. ಎಲ್ಲ ಬ್ಯಾಟರಿಯ ಮೇಲೆ. ಹನ್ನೆರಡನೆಯ ತೂತನ್ನು ಬಡಗಿ ಅಂಚಿಗೆ ತೀರ ಹತ್ತಿರ ಹಾಕಿದ್ದ, ಹಿಂಬದಿಯಲ್ಲಿ ತಂತಿ ಒಯ್ಯಲು ಜಾಗವೇ ಇರಲಿಲ್ಲ. ತೂತು ಹಾಗೇ ಬಿಟ್ಟರೆ ಕೂಸು ಬೆರಳು ಸಿಕ್ಕಿಸಿಕೊಳ್ಳುತ್ತದೆಂದು ಒಂದು ಹೊಸ ಪ್ಯಾಕೆಟ್ಟು ಒಡೆದು, ಒಂದು ಕಂಟ್ರೋಲ್ ತೆಗೆದು, ತಿರುಗಿಸಿ ನೋಡಿ, ಅಲ್ಲಿ ಕೂಡಿಸಿ ನಟ್ಟು ಬಿಗಿದೆ. ಪೂರ್ತಿ ಇಳಿಸಿದಾಗ ಕಟ್ ಎಂದು ಆರುವ ಸ್ವಿಚ್ಚಿನ ಜಾತಿಯದು. ಅದಕ್ಕೆ ಒಂದು ಎಳೆ ತಂತಿ ಕೂಡ ನಾನು ಹಚ್ಚಿಲ್ಲ. ಇದನ್ನು ದಯಮಾಡಿ ನೆನಪಿಡಿ. ಬೆಸುಗೆಯ ವಿಷಯದಲ್ಲಿ ನಾನು ತಪ್ಪುವವಳಲ್ಲ.

ಮಳೆಗಾಲ ಶುರುವಾದಾಗ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎಸ್.ಟಿ. ಬಸ್ಸಿನಲ್ಲಿ ಹೊರಟೆ. ಯೇವಲಾ ದಾಟುವವರೆಗೂ ಪಕ್ಕದ ಹೆಂಗಸು ಒಂದೊಂದೇ ಗುಂಡಿ ತಿರುಗಿಸಿ ಬಲ್ಬು ಹತ್ತಿಸಿ ನಗುತ್ತಿದ್ದಳು. ಬಸ್ಸಿಗೆ ಬಸ್ಸೇ ಮೆಚ್ಚಿದ ಹಲಗೆ ಅದು.

ರೇವಾ ಮಾತ್ರ ಮೆಚ್ಚಲಿಲ್ಲ. ಕೆಂಪು ಬಲ್ಬು ಹತ್ತಿಸಿ ತೋರಿಸಿದೆ, ನೋಡಿದಳು, ಬಿಟ್ಟಳು. ಬಜರು ಮುಟ್ಟಿದಾಗ ಕಿವಿಯ ಬಿಲ್ಲೆ ಹಾರಿ ಹೋಗಿ ಗೋಡೆಗೆ ಬಿತ್ತು. ಆಮೇಲೆ ಅಂಚಿನಲ್ಲಿದ್ದ ಹನ್ನೆರಡನೆಯದರ ಮೇಲೆ ಅವಳ ಕೈ ಹೋಯಿತು. ತಿರುಗಿಸಿದಳು. ಏನೂ ಆಗಲಿಲ್ಲ, ಆಗುವಂಥದ್ದೇ ಅಲ್ಲ. ಆದರೆ ಅವಳು ಅದನ್ನು ಬಿಡಲಿಲ್ಲ. ಅಂದಿನಿಂದ ದಿನವೂ ಅದೊಂದೇ. ಹಲಗೆಗೆ ಕೆನ್ನೆ ಆನಿಸಿ, ಕಣ್ಣು ಅರ್ಧ ಮುಚ್ಚಿ, ಆ ಗುಂಡಿಯನ್ನು ಒಂದು ಎಳ್ಳಿನಷ್ಟು ಆಚೆ, ಒಂದು ಎಳ್ಳಿನಷ್ಟು ಈಚೆ. ರೇಡಿಯೋದಲ್ಲಿ ದೂರದ ಸ್ಟೇಶನ್ ಹುಡುಕುವವರು ಮಾಡುತ್ತಿದ್ದ ಹಾಗೆ.

“ಹನ್ನೊಂದ ಹಚ್ಚಿ ಕೊಟ್ಟಿ, ಆಕಿ ಹಚ್ಚಲಾರದ್ದನ್ನ ಆರಿಸ್ಯಾಳ,” ಎಂದು ಸವಿತಾ ಸೋತ ದನಿಯಲ್ಲಿ ನಕ್ಕಳು. “ನಿನ್ನ ಮೊಮ್ಮಗಳ ಖರೇನ.” ನಾನೂ ನಕ್ಕೆ. ಒಳಗೆ ಮಾತ್ರ ಎಲ್ಲ ಕುಸಿದಿತ್ತು.

ನಾಲ್ಕು ದಿನಕ್ಕೆಂದು ಹೋದವಳು ಅಲ್ಲೇ ಉಳಿದೆ. ಗಣಪತಿ ಹಬ್ಬಕ್ಕೆ ಇನ್ನೂ ತಿಂಗಳಿರುವಾಗ ಮನೆಯ ಎದುರಿನ ಮೈದಾನದಲ್ಲಿ ಢೋಲ್ ತಂಡದವರ ತಾಲೀಮು ಶುರುವಾಯಿತು. ಮೂವತ್ತು ಢೋಲು ಒಮ್ಮೆಗೇ ಬಡಿದರೆ ಕಿಟಕಿಯ ಗಾಜು, ಕಪಾಟಿನ ಕಪ್ಪು, ನಮ್ಮ ಎದೆ ಎಲ್ಲ ನಡುಗುತ್ತಿದ್ದವು. ನಾನು ಹೇಳಲು ಹೊರಟ ದಿನ ಒಂದು ಭಾನುವಾರ, ಮಧ್ಯಾಹ್ನ ನಾಲ್ಕು ಗಂಟೆಯ ಸುಮಾರು. ಬಿಸಿಲು ನಿಚ್ಚಳವಾಗಿತ್ತು. ಅಳಿಯನಿಗೆ ಪಾಳಿ ಇತ್ತು, ಸವಿತಾ ಕಾಯಿಪಲ್ಲೆ ತರಲು ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಢೋಲು ಬಡಿಯತೊಡಗಿದ ಕೂಡಲೇ ರೇವಾ ಮೂರನೇ ಸಲ ಕಿವಿಯ ಮೆಷಿನ್ ಕಿತ್ತು ಎಸೆದಳು. ಇನ್ನು ತಾಲೀಮು ಮುಗಿಯಲಿ ಎಂದು ನಾನು ಅದನ್ನು ಎತ್ತಿ, ಬಿಲ್ಲೆಯ ಸಮೇತ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೆ. ಕಿಟಕಿಯ ಹತ್ತಿರ ಕೂತು ಪರಾತದ ಅಗಲ ತಟ್ಟೆಯಲ್ಲಿ ಮೆಂತೆಪಲ್ಲೆ ಸೋಸುತ್ತಿದ್ದೆ. ಅವಳು ನನಗೆ ಬೆನ್ನು ಮಾಡಿ ಹಲಗೆಯ ಮುಂದೆ ಕೂತಿದ್ದಳು.

ಢೋಲಿನ ಸದ್ದು ಮೆಲ್ಲಗೆ ಇಳಿಯಿತು. ತಾಲೀಮು ಮುಗಿಯಿತೆಂದು ನಾನು ಕತ್ತೆತ್ತಿ ಮೈದಾನದ ಕಡೆ ನೋಡಿದೆ. ಹುಡುಗರು ಮೊದಲಿನ ಹಾಗೆಯೇ, ಕೈ ಮೇಲೆತ್ತಿ ಮೇಲೆತ್ತಿ ಬಡಿಯುತ್ತಿದ್ದರು. ನನಗೆ ಕೇಳುತ್ತಿದ್ದದ್ದು ಮಾತ್ರ ಎಲ್ಲೋ ಮೂರು ಹೊಲದಾಚೆ ಬಡಿದಂತೆ. ಕಿವಿಗೆ ಏನಾಯಿತೋ ಎಂದು ಬೆರಳಿಟ್ಟು ಅಲುಗಿಸಿಕೊಂಡೆ. ಅಷ್ಟರಲ್ಲಿ ಸದ್ದು ಮತ್ತೆ ಏರಿತು. ಮತ್ತೆ ಇಳಿಯಿತು. ಒಮ್ಮೆಗೇ ಅಲ್ಲ, ಹಂತಹಂತವಾಗಿ, ಒಂದೇ ಸಮನಾಗಿ. ಆ ಏರಿಳಿತ ನನಗೆ ಗುರುತಿನದು. ಇಪ್ಪತ್ತೆರಡು ವರ್ಷ ನನ್ನ ಬೆರಳು ಮಾಡಿದ್ದು ಅದನ್ನೇ. ನಾನು ತಿರುಗಿ ರೇವಾಳನ್ನು ನೋಡಿದೆ. ಅವಳ ಎರಡೂ ಕೈ ಹನ್ನೆರಡನೆಯ ಗುಂಡಿಯ ಮೇಲಿದ್ದವು. ಗುಂಡಿ ಎಡಕ್ಕೆ ಸರಿದಾಗ ಢೋಲು ಸಣ್ಣದಾಗುತ್ತಿತ್ತು, ಬಲಕ್ಕೆ ಸರಿದಾಗ ದೊಡ್ಡದು. ಢೋಲಷ್ಟೇ ಅಲ್ಲ. ತಲೆಯ ಮೇಲಿನ ಫ್ಯಾನು, ಮೇಲಿನ ಮನೆಯ ಮಿಕ್ಸರು, ರಸ್ತೆಯ ರಿಕ್ಷಾ ಎಲ್ಲ ಒಟ್ಟಿಗೆ ಏರುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು.

ಎದ್ದು ಹೋಗಿ ಅವಳ ಕೈ ಹಿಡಿಯಬೇಕಿತ್ತು ಎಂದು ನೀವು ಅನ್ನಬಹುದು. ಸುಳ್ಳು ಯಾಕೆ ಹೇಳಲಿ, ಆ ಹಗಲು ಬೆಳಕಿನಲ್ಲಿ, ನನ್ನ ಸ್ವಂತ ಮೊಮ್ಮಗಳ ಬೆನ್ನು ನೋಡಿ ನನಗೆ ಹೆದರಿಕೆಯಾಯಿತು. ಗುಂಡಿ ಎಡಕ್ಕೆ ಸರಿಯುತ್ತ ಹೋಯಿತು, ಸರಿಯುತ್ತ ಹೋಯಿತು. ಕೊನೆಗೆ ಕಟ್ ಎಂದಿತು. ನಾನು ಕೇಳಿದ ಕಡೆಯ ಸದ್ದು ಅದೇ.

ಸದ್ದಡಗುವುದು ಬೇರೆ, ಇದು ಬೇರೆ. ಮಲಗಿದ ಮನೆಯಲ್ಲಿ ಕೂಡ ಏನೋ ಒಂದು ಇರುತ್ತದೆ, ನಮ್ಮ ಉಸಿರಾದರೂ ಇರುತ್ತದೆ. ಹಲ್ಲು ಕಚ್ಚಿದರೆ ತಲೆಯೊಳಗೆ ಒಂದು ಸದ್ದು ಬರುತ್ತದಲ್ಲ, ನಾನು ಹಲ್ಲು ಕಚ್ಚಿ ನೋಡಿದೆ, ಅದೂ ಇರಲಿಲ್ಲ. ಪರಾತ ಕೈಜಾರಿ ಕಾಲ ಮೇಲೆ ಬಿತ್ತು. ಬಿದ್ದದ್ದು ನೋವಿನಿಂದ ಗೊತ್ತಾಯಿತು. ಇದೇ ಏನು ನನ್ನ ಕೂಸು ಹುಟ್ಟಿದಾಗಿನಿಂದ ಇದ್ದ ಜಾಗ ಎಂದು ಮನಸ್ಸಿಗೆ ಬಂದದ್ದೇ ತಡ, “ರೇವಾ!” ಎಂದು ಕೂಗಿದೆ. ಗಂಟಲು ಹರಿಯುವಂತೆ ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ.

ರೇವಾ ತಿರುಗಿ ನೋಡಿದಳು.

ಮೂರೂವರೆ ವರ್ಷದಲ್ಲಿ ಹೆಸರು ಹಿಡಿದು ಕರೆದದ್ದಕ್ಕೆ ಅವಳು ತಿರುಗಿದ್ದು ಅದೇ ಮೊದಲು. ಬೆನ್ನು ನನ್ನ ಕಡೆ ಇತ್ತು, ನನ್ನ ಬಾಯಿ ಅವಳಿಗೆ ಕಾಣುವಂತಿರಲಿಲ್ಲ. ತಿರುಗಿ ನನ್ನನ್ನೇ ನೋಡುತ್ತ ನಕ್ಕಳು. ಆಮೇಲೆ ಅವಳ ಬಾಯಿ ತೆರೆಯಿತು, ಹಲ್ಲು ಕೂಡಿದವು, ತುಟಿ ಎರಡೂ ಬದಿಗೆ ಹಿಗ್ಗಿದವು. ಅಜ್ಜಿ. ಸಂಶಯವೇ ಇಲ್ಲ, ಅವಳು ಅಂದದ್ದು ಅಜ್ಜಿ. ಮೊಮ್ಮಗಳು ಆಡಿದ ಮೊದಲ ಮಾತು ಅದು, ನನ್ನನ್ನೇ ಕರೆದದ್ದು. ಎರಡು ಮಾರು ದೂರದಲ್ಲಿ ಕೂತಿದ್ದ ನಾನು ಅದನ್ನು ಕೇಳಲಿಲ್ಲ. ನೋಡಿದೆ.

ಎಷ್ಟು ಹೊತ್ತು ಹಾಗಿತ್ತೋ ತಿಳಿಯದು. ಅವಳು ಮತ್ತೆ ಹಲಗೆಯ ಕಡೆ ತಿರುಗಿದಳು, ಕಟ್ ಎಂದಿತು, ಮೂವತ್ತು ಢೋಲು ಒಟ್ಟಿಗೆ ಮನೆಯೊಳಗೆ ನುಗ್ಗಿದವು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಕಣ್ಣು ತೆರೆದಾಗ ರೇವಾ ನನ್ನ ಮುಂದೆ ನಿಂತಿದ್ದಳು. ನನ್ನ ಸೆರಗನ್ನು ಹಿಡಿದು ಗಂಟು ಬಿಚ್ಚಲು ಪರದಾಡುತ್ತಿದ್ದಳು. ನಾನು ಬಿಚ್ಚಿಕೊಟ್ಟೆ. ಅವಳು ಮೆಷಿನ್ ತೆಗೆದುಕೊಂಡು, ಆ ಅಬ್ಬರದ ನಡುವೆಯೇ, ತನ್ನ ಕೈಯಿಂದ ತಾನೇ ಬಿಲ್ಲೆಯನ್ನು ತಲೆಗೆ ಒಯ್ದಳು. ಟಕ್ಕನೆ ಕಚ್ಚಿಕೊಂಡಿತು. ನನ್ನ ತೊಡೆಯ ಮೇಲೆ ಕೂತು, ಢೋಲಿನ ತಾಳಕ್ಕೆ ಪರಾತ ಬಡಿಯತೊಡಗಿದಳು.

ಎರಡೇ ನಿಮಿಷದಲ್ಲಿ ಮೇಲಿನ ಮನೆಯ ಕಾಕೂ ಮೆಟ್ಟಿಲಿಳಿದು ಬಂದರು. ಮರಾಠಿಯವರು, ಗಟ್ಟಿ ಹೆಂಗಸು. ಮುಖ ಬಿಳಿಚಿತ್ತು. ಕೈಯಲ್ಲಿ ಮಿಕ್ಸರಿನ ಜಾರು ಹಾಗೇ ಇತ್ತು.

“ಆಜೀ, ತುಮ್ಹಾಲಾ ಐಕೂ ಯೇತಂಯ ನಾ?” ಎಂದು ಕೇಳಿದರು, ನಿಮಗೆ ಕೇಳುತ್ತಿದೆಯೇ ಎಂದು. ತಮ್ಮ ಮಿಕ್ಸರು ತಿರುಗುತ್ತಿತ್ತಂತೆ, ಶೇಂಗಾ ಪುಡಿಯಾಗುತ್ತಿದ್ದದ್ದು ಕಾಣುತ್ತಿತ್ತಂತೆ, ಸದ್ದು ಮಾತ್ರ ಇರಲಿಲ್ಲವಂತೆ. ಕಿವಿ ಹೋಯಿತೆಂದು ಹೆದರಿ ಬಂದಿದ್ದರು. ಢೋಲಿನಿಂದ ಕಿವಿ ಕಟ್ಟಿಕೊಂಡಿರಬೇಕು, ಬಿಸಿನೀರು ಕುಡಿಯಿರಿ ಎಂದೆ. ಹೇಳುವಾಗ ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ತಾಲೀಮು ನಿಂತಿತ್ತು. ಹುಡುಗರು ಕೋಲು ಕೆಳಗಿಳಿಸಿ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು.

ಸವಿತಾ ಚೀಲ ಹಿಡಿದು ಬಂದಾಗ ಮಗಳ ತಲೆಯ ಮೇಲೆ ಬಿಲ್ಲೆ ನೋಡಿದಳು. ಎಲ್ಲಿ ಕಿತ್ತುಬಿಡುವಳೋ ಎಂದು ಚೀಲವನ್ನು ಮೆಲ್ಲಗೆ ಕೆಳಗಿಟ್ಟು ಅಡಿಗೆಮನೆಗೆ ಹೋದಳು. ರಾತ್ರಿ ಮಲಗುವವರೆಗೆ ಇತ್ತು. ಮರುದಿನ ಎದ್ದ ಕೂಡಲೇ ರೇವಾ ಅದನ್ನೇ ಹುಡುಕಿದಳು. ಐದಾರು ವಾರದ ಮೇಲೆ ಒಂದು ಬೆಳಿಗ್ಗೆ ಸವಿತಾ ಚಪಾತಿ ಲಟ್ಟಿಸುತ್ತಿದ್ದಾಗ ಹಿಂದಿನಿಂದ ರೇವಾ “ಆಈ” ಎಂದು, ಮರಾಠಿಯಲ್ಲಿ ಅವ್ವಾ ಎಂದು, ಕರೆದಳಂತೆ. ಅಷ್ಟರಲ್ಲಿ ನಾಸಿಕಕ್ಕೆ ಮರಳಿದ್ದ ನನಗೆ ಸವಿತಾ ಫೋನು ಮಾಡಿ ಒಂದು ಗಂಟೆ ಅತ್ತಳು, ನಾನೂ ಈ ಕಡೆಯಿಂದ ಅತ್ತೆ, ಯಜಮಾನರು ಫೋನು ಕಸಿದುಕೊಂಡು ತಾವೂ ಅತ್ತರು. ಮಗುವಿನ ಮೊದಲ ಮಾತು ಆಈ ಎಂದು ಅವಳು ಎಲ್ಲರಿಗೂ ಹೇಳುತ್ತಾಳೆ. ನಾನು ಹೌದು ಹೌದು ಎನ್ನುತ್ತೇನೆ. ತಾಯಿಗೆ ಸಲ್ಲಬೇಕಾದದ್ದನ್ನು ತೆಗೆದುಕೊಂಡು ನಾನೇನು ಮಾಡಲಿ?

ಆ ಭಾನುವಾರ ಸಂಜೆಯೇ ನಾನು ಹನ್ನೆರಡನೆಯ ಗುಂಡಿಯನ್ನು ಮುಟ್ಟಿ ನೋಡಿದ್ದೆ. ನನ್ನ ಬೆರಳು ಹಿಂದೆ ಸರಿಯಿತು. ಅದು ಸಡಿಲವಾಗಿ ತಿರುಗುತ್ತಿತ್ತು. ನಟ್ಟು ಬಿಚ್ಚಿ, ಕಂಟ್ರೋಲನ್ನು ಹೊರಗೆ ತೆಗೆದು ಬೇರೆ ಹೊಸದೊಂದು ಕೂಡಿಸಿದೆ. ನಾಸಿಕಕ್ಕೆ ಬಂದ ಮೇಲೆ ಚಾಕುವಿನ ತುದಿಯಿಂದ ಮುಚ್ಚಳ ಹಿಡಿದಿದ್ದ ತಗಡಿನ ಮೂತಿಗಳನ್ನು ಎತ್ತಿ ಒಳಗೆ ನೋಡಿದೆ. ಕರಿಯ ಪಟ್ಟಿ ಸವೆದಿತ್ತು. ಬರೇ ಬಿಳಿಚಿದ್ದಲ್ಲ, ತಳ ಕಾಣುವಂತೆ ಗೆರೆ ಬಿದ್ದು ಹರಿದಿತ್ತು. ಮೂವತ್ತು ವರ್ಷ ದಿನವೂ ತಿರುಗಿಸಿದ ಸೆಟ್ಟಿನಲ್ಲಿ ಕೂಡ ನಾನು ಅಂಥದ್ದನ್ನು ಕಂಡಿಲ್ಲ. ಸವೆತ ಇದ್ದದ್ದು ಒಂದೇ ಜಾಗದಲ್ಲಿ, ಸ್ವಿಚ್ಚು ಕಟ್ ಎನ್ನುವುದಕ್ಕೆ ಒಂದು ಎಳ್ಳಿನಷ್ಟು ಈಚೆಗೆ. ಅಷ್ಟು ಸಣ್ಣ ದನಿಯಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ.

“ನಿನ್ನ ಚೀಲದಾಗ ಹಳೇದೊಂದು ಕೂಡಿರ್ತೈತಿ,” ಅಂದರು ಯಜಮಾನರು. ಇರಬಹುದು ಎಂದು ನಾನೂ ಒಪ್ಪಲು ನೋಡಿದೆ. ಆದರೆ ಪ್ಯಾಕೆಟ್ಟು ಒಡೆದದ್ದು ನಾನು, ಕೂಡಿಸುವ ಮೊದಲು ತಿರುಗಿಸಿ ನೋಡಿದ್ದು ನಾನು. ಗಟ್ಟಿ ತುಪ್ಪ ಯಾವುದು ನೀರು ಯಾವುದು ಎಂದು ಈ ಬೆರಳಿಗೆ ತಿಳಿಯದೇ? ಎರಡೂವರೆ ತಿಂಗಳಲ್ಲಿ ಒಂದು ಕೂಸಿನ ಕೈ ಅಷ್ಟು ಸವೆಸಲು ಸಾಧ್ಯವಿಲ್ಲ. ಅರ್ಥಿಂಗ್ ಇರಲಿಲ್ಲ ಎನ್ನೋಣವೆಂದರೆ ಅದರಲ್ಲಿ ಕರೆಂಟೇ ಇರಲಿಲ್ಲ. ನಾನು ಬದಲಿಸಿ ಕೂಡಿಸಿದ ಹೊಸದನ್ನು ರೇವಾ ಇವತ್ತಿನವರೆಗೆ ಒಮ್ಮೆಯೂ ಮುಟ್ಟಿಲ್ಲ.

ಇದೆಲ್ಲ ಆಗಿ ಎರಡು ವರ್ಷ ದಾಟಿತು. ರೇವಾ ಶಾಲೆಗೆ ಹೋಗುತ್ತಾಳೆ, ಅಲ್ಲಿ ಮಾತಾಡಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದರಂತೆ. ಆ ದಿನ ನಾನು ಕೇರಿಯವರಿಗೆಲ್ಲ ಪೇಢೆ ಹಂಚಿದೆ. ಆ ಮಧ್ಯಾಹ್ನದ ಮಾತನ್ನು ಅವಳ ಹತ್ತಿರ ಎತ್ತಲು ಮಾತ್ರ ನನಗೆ ಧೈರ್ಯ ಬಂದಿರಲಿಲ್ಲ. ಹೋದ ತಿಂಗಳು ಫೋನಿನಲ್ಲಿ ಅದೂ ಇದೂ ಹರಟುವಾಗ ಬಾಯಿಗೆ ಬಂದೇಬಿಟ್ಟಿತು.

“ರೇವಾ, ಆ ಹಲಿಗಿ ಮ್ಯಾಲಿನ ಕಡೇ ಗುಂಡಿ ಇತ್ತಲ್ಲ, ಅದನ್ನ ಯಾಕ ಅಷ್ಟ ತಿರುವ್ತಿದ್ದಿ?”

“ನಾ ಕುಠೇ ತಿರುವ್ತಿದ್ದೆ, ಅಜ್ಜಿ?” ಅಂದಳು ಅವಳು, ತಾನೆಲ್ಲಿ ತಿರುವುತ್ತಿದ್ದೆ ಎಂದು, ನಾನು ಏನೋ ಪೆದ್ದು ಮಾತು ಕೇಳಿದಂತೆ. “ಅದು ಆಪೋಆಪ, ತನ್ನಷ್ಟಕ್ಕ ತಾನ ತಿರಗ್ತಿತ್ತು. ನಾ ಗಟ್ಟಿ ಹಿಡಕೊಂಡಿದ್ದೆ.”

ಯಾಕೆ ಹಿಡಿದುಕೊಂಡಿದ್ದಿ, ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕೆನ್ನುವಷ್ಟರಲ್ಲಿ ಯಾರೋ ಗೆಳತಿ ಹೊರಗಿನಿಂದ ಕೂಗಿದಳು. ರೇವಾ ಫೋನನ್ನು ಆರಿಸದೆ ಅಲ್ಲೇ ಎಲ್ಲೋ ಇಟ್ಟು ಓಡಿದಳು. ಆ ಮನೆಯ ಸದ್ದೆಲ್ಲ ನನಗೆ ಕೇಳುತ್ತಿತ್ತು. ಕುಕ್ಕರು ಕೂಗಿತು, ಸವಿತಾ ಯಾರನ್ನೋ ಗದರಿದಳು, ಮೆಟ್ಟಿಲ ಮೇಲೆ ಎರಡು ಜೋಡಿ ಪುಟ್ಟ ಕಾಲು ದಡದಡ ಇಳಿದವು, ಅದರ ಮೇಲೆ ನನ್ನ ಮೊಮ್ಮಗಳ ನಗು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಕೂತೇ ಇದ್ದೆ. ಒಂದು ಸದ್ದೂ ಇಳಿಯಲಿಲ್ಲ. ಇಳಿದರೆ ಹಿಡಿದುಕೊಳ್ಳುವುದು ಹೇಗೆ ಎಂದು ನನಗೆ ಗೊತ್ತಿಲ್ಲ. ಗೊತ್ತಿರುವವಳು ಹೊರಗೆ ಆಡುತ್ತಿದ್ದಳು.